ಕೈ ಕೊಟ್ಟು ಹೋದವರು

ಗಂಡ ಮೌಳಿಯನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಎದುರುಮನೆಯ ಅಜ್ಜಿ ನನ್ನ ಪಕ್ಕ ಕೂತು, "ಪುಣ್ಯವಂತೆ ಕಣವ್ವಾ ನೀನು. ಹೋಗೋವಾಗ ನಿಂಗೇ ಕೈ ಕೊಟ್ಟು ಹೋದ," ಎಂದಳು. ಅಲ್ಲಿದ್ದ ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು. ನಾನು ಹುಟ್ಟಿ ಬೆಳೆದ ಊರಿನಲ್ಲಿ ಕೈ ಕೊಡುವುದೆಂದರೆ ನಂಬಿಸಿ ಬಿಟ್ಟುಹೋಗುವುದು. ಚೀಟಿ ನಡೆಸುವವನು ಕೈ ಕೊಡುತ್ತಾನೆ, ಮಳೆ ಕೈ ಕೊಡುತ್ತದೆ, ನಡುದಾರಿಯಲ್ಲಿ ಸ್ಕೂಟರು ಕೈ ಕೊಡುತ್ತದೆ. ಮದುವೆಯಾಗಿ ಮೂರು ವರ್ಷ ಇಲ್ಲಿದ್ದ ನನಗೆ ಈ ಊರಿನ ಅರ್ಥ ಗೊತ್ತಿತ್ತು. ಆದರೆ ಆ ಮಧ್ಯಾಹ್ನ ನನ್ನ ಕಿವಿ ತವರಿನದಾಗಿತ್ತು. ಹೌದು, ಕೈ ಕೊಟ್ಟ, ಅಂದುಕೊಂಡೆ. ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

ಈ ಊರಿನಲ್ಲಿ ಜನ ಎದುರಾದರೆ ಕೈ ಕುಲುಕುತ್ತಾರೆ. ಹಾಲಿನವನು, ಪೂಜಾರಿ, ಮಾತುಬಿಟ್ಟ ಅಣ್ಣತಮ್ಮಂದಿರು, ಸ್ಕೂಲಿಗೆ ಹೊರಟ ಮಕ್ಕಳು, ಎಲ್ಲರೂ. ಸತ್ತವರು ಕೊನೆಯದಾಗಿ ಯಾರ ಕೈ ಕುಲುಕಿದ್ದರೋ ಅವರ ಅಂಗೈಯಲ್ಲಿ ಆ ಹಿಡಿತ ಉಳಿದುಬಿಡುತ್ತದೆ. ಬಿಸಿ, ಒರಟು, ಅವಸರ ಎಲ್ಲ ಇದ್ದ ಹಾಗೇ. ಅವರು ಮುಂದೆ ಇನ್ನೊಬ್ಬರ ಕೈ ಕುಲುಕಿದಾಗ ಅದು ಆ ಇನ್ನೊಬ್ಬರಿಗೆ ಹೋಗುತ್ತದೆ, ಅವರಿಂದ ಮತ್ತೊಬ್ಬರಿಗೆ. ಹೀಗೆ ಊರಿನ ಸತ್ತವರು ಊರಿನಲ್ಲೇ ಓಡಾಡಿಕೊಂಡಿರುತ್ತಾರೆ. "ನಿಮ್ಮ ಚಿಕ್ಕಪ್ಪ ಬೆಳಿಗ್ಗೆ ನನ್ನ ಹತ್ರ ಇದ್ರು, ಕಟಿಂಗ್ ಶಾಪಲ್ಲಿ ಬಿಟ್ಟು ಬಂದೆ" ಎನ್ನುವುದು ಇಲ್ಲಿ ದಿನದ ಮಾತು. ಅದಕ್ಕೆ ಕೇಳುವ ಪ್ರಶ್ನೆ ಒಂದೇ: "ಹೇಗಿದ್ರು?"

ನಮ್ಮ ಮದುವೆಯ ದಿನ ಅಪ್ಪ ಬೀಗರಿಗೆಲ್ಲ ಕೈ ಮುಗಿಯುತ್ತ ನಿಂತಿದ್ದರು. ಯಾರೋ ಒಬ್ಬರು ಆ ಮುಗಿದ ಕೈಗಳಲ್ಲಿ ಒಂದನ್ನು ಬಿಡಿಸಿಕೊಂಡು ಕುಲುಕಿದರು. ಅಪ್ಪ ಬೆಚ್ಚಿ ಹಿಂದೆ ಸರಿದರು. ಯಾರಿಗೂ ಏನೂ ಹೇಳದೆ ಊಟ ಮುಗಿಸಿ ಬಸ್ಸು ಹತ್ತಿದರು. ಎರಡು ದಿನ ಬಿಟ್ಟು ಈ ಊರಿನಿಂದ ಒಂದು ಕುಟುಂಬವೇ ನಮ್ಮ ತವರಿನ ಬಾಗಿಲಿಗೆ ಬಂದಿತಂತೆ. "ತಪ್ಪು ತಿಳ್ಕೋಬೇಡಿ ಬೀಗ್ರೇ, ನಮ್ಮ ತಾತನ್ನ ಕರ್ಕೊಂಡು ಬಂದ್ಬಿಟ್ಟಿದ್ದೀರಿ." ತಾತ ಗರಡಿಯಲ್ಲಿ ಪಳಗಿದವರು. ಅಪ್ಪ ಅವರಿಗೆಲ್ಲ ಕಾಫಿ ಕೊಟ್ಟು, ಹಿರಿಯ ಮೊಮ್ಮಗನಿಗೆ ಕೈಯನ್ನೂ ಕೊಟ್ಟರು. ಅವರು ಹೋದ ಮೇಲೆ ಅಂಗೈ ನೋಡಿಕೊಂಡು, "ಮನುಷ್ಯ ಗಟ್ಟಿ. ಇನ್ನೆರಡು ದಿನ ಇದ್ದಿದ್ರೆ ಒಗ್ಗಿ ಹೋಗ್ತಿದ್ದ," ಎಂದರೆಂದು ಅಮ್ಮ ಫೋನಿನಲ್ಲಿ ಹೇಳಿ ನಕ್ಕಿದ್ದಳು.

ನಾನು ಇತಿಹಾಸ ಓದಿದವಳು. ಇಲ್ಲಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಎಂ.ಎ. ತರಗತಿಯಲ್ಲಿ ನಮ್ಮ ಮೇಷ್ಟ್ರು ಒಮ್ಮೆ ಹೇಳಿದ್ದರು: ಕೈಯಲ್ಲಿ ಕತ್ತಿ ಇಲ್ಲವೆಂದು ತೋರಿಸಲು ಜನ ಬಲಗೈ ಚಾಚಿದರು ಎನ್ನುತ್ತಾರೆ, ತೋಳಿನಲ್ಲಿ ಬಚ್ಚಿಟ್ಟ ಚಾಕು ಉದುರಲಿ ಎಂದು ಕುಲುಕಿದರು ಎನ್ನುತ್ತಾರೆ, ಕಥೆ ಚೆನ್ನಾಗಿದೆ, ಆಧಾರ ಸಾಲದು, ಪರೀಕ್ಷೆಯಲ್ಲಿ ಬರೆಯಬೇಡಿ. ಮದುವೆಯಾದ ಹೊಸತರಲ್ಲಿ ಇದನ್ನು ಅತ್ತೆಗೆ ಹೇಳಿದೆ. ಅತ್ತೆ ಗಿರಿಜಮ್ಮ ಈಳಿಗೆಮಣೆಯ ಮುಂದೆ ಕೂತು ಬದನೆಕಾಯಿ ಹೆಚ್ಚುತ್ತಿದ್ದರು. "ಚಾಕು ಇದ್ರೆ ಮಾತ್ರ ಏನಂತೆ? ನಂಗೆ ದಿನಾ ಈಳಿಗೆಮಣೆ ಮುಂದೇನೇ ಜನ ಕೈ ಕೊಟ್ಟು ಹೋಗ್ತಾರೆ," ಎಂದರು.

ಈ ಊರಿನ ಕಥೆ ಬೇರೆ. ಮುಟ್ಟಬಾರದು ಎನ್ನುವ ಕಾಲ ಇಲ್ಲಿಗೂ ಇತ್ತು. ಮೇಲಿನ ಕೇರಿಯವರು ತಮ್ಮ ಸತ್ತವರನ್ನು ತಮ್ಮಲ್ಲೇ ಕೈಯಿಂದ ಕೈಗೆ ಕೊಟ್ಟುಕೊಂಡು ಇಟ್ಟುಕೊಂಡಿದ್ದರಂತೆ. ಇದ್ದದ್ದು ಕೆಲವೇ ಮನೆ. ಸತ್ತವರು ಹೆಚ್ಚಾದರು. ಬದುಕಿದವರ ಕೈ ಎತ್ತಲಾರದಷ್ಟು ಭಾರವಾಯಿತು. ತುತ್ತು ಬಾಯಿಯವರೆಗೆ ಬರದಂತಾದಾಗ ಒಬ್ಬ ಯಜಮಾನ ಎದ್ದು ಕೆಳಗಿನ ಕೇರಿಗೆ ನಡೆದು, ಮೊದಲು ಕಂಡ ಹೆಂಗಸಿನ ಮುಂದೆ ಕೈ ಚಾಚಿದ. ಅವಳು ಬೆರಣಿ ತಟ್ಟುತ್ತಿದ್ದಳು. "ತಡೀರಿ ಸ್ವಾಮಿ, ಕೈ ತೊಳ್ಕೊಂಡು ಬರ್ತೀನಿ," ಎಂದು ಒಳಗೆ ಹೋದವಳು ಸಂಜೆಯವರೆಗೂ ಹೊರಗೆ ಬರಲಿಲ್ಲ. ಅವನು ಬಿಸಿಲಲ್ಲಿ ಚಾಚಿದ ಕೈ ಚಾಚಿಕೊಂಡೇ ನಿಂತಿದ್ದ. ಅವಳು ಬೇಕೆಂದೇ ಕಾಯಿಸಿದಳು ಎಂದು ಕೆಳಗಿನ ಕೇರಿಯವರು ಹೇಳುತ್ತಾರೆ. ನೀರು ಸೇದಲು ಬಾವಿ ದೂರವಿತ್ತು ಎಂದು ಮೇಲಿನ ಕೇರಿಯವರು ಹೇಳುತ್ತಾರೆ. ಕೊನೆಗೆ ಬಂದು ಕೈ ಕೊಟ್ಟಳು ಎನ್ನುವುದನ್ನು ಎರಡೂ ಕೇರಿಯವರು ಒಪ್ಪುತ್ತಾರೆ. ಪುಸ್ತಕದ ಕನ್ನಡದಲ್ಲಿ ಕೈ ಕುಲುಕುವುದಕ್ಕೆ ಹಸ್ತಲಾಘವ ಎಂಬ ಮಾತಿದೆ. ಲಾಘವ ಎಂದರೆ ಹಗುರ. ಆ ಮಾತು ಎಲ್ಲೇ ಹುಟ್ಟಿರಲಿ, ಅದರ ಅರ್ಥ ನನಗೆ ತಿಳಿದದ್ದು ಇಲ್ಲಿ.

ಮೌಳಿ ನಜೀರನ ಜೊತೆ ಸೇರಿ ಬೇಕರಿ ನಡೆಸುತ್ತಿದ್ದ. ಬೆಳಕು ಹರಿಯುವ ಹೊತ್ತಿಗೆ ಮನೆ ಬಿಡಬೇಕಿತ್ತು. ಈ ಊರಿನಲ್ಲಿ ಯಾರೂ ಕೈ ಕೊಡದೆ ಹೊಸ್ತಿಲು ದಾಟುವುದಿಲ್ಲ. ಗಂಡ ಹೆಂಡತಿಯ ಕೈಯನ್ನು ಆಫೀಸರನ ಹಾಗೆ ಕುಲುಕುವುದು ಕಂಡು ಮೊದಮೊದಲು ನನಗೆ ನಗು ತಡೆಯಲಾಗುತ್ತಿರಲಿಲ್ಲ. "ನಗು, ನಗು," ಎನ್ನುತ್ತಿದ್ದ ಮೌಳಿ, "ಒಂದಿನ ಇದೇ ನಿನ್ನ ಆಸ್ತಿ." ಮೊದಲು ನನಗೆ, ಆಮೇಲೆ ಅಂಗಳದಲ್ಲಿರುತ್ತಿದ್ದ ಅತ್ತೆಗೆ ಕೈ ಚಾಚುತ್ತಿದ್ದ. ಅತ್ತೆಯ ಕೈ ಯಾವಾಗಲೂ ಒದ್ದೆ. "ಕೈ ಒದ್ದೆ ಕಣೋ, ಹೋಗ್ ಬಾ," ಎನ್ನುತ್ತಿದ್ದರು. ಮೌಳಿ ಅವರ ಮೊಣಕೈ ಮುಟ್ಟಿ ಹೋಗುತ್ತಿದ್ದ. ಪೇಟೆಯಲ್ಲಿ ಅತ್ತೆ ಎಲ್ಲರಿಗೂ ಕೈ ಕೊಡುತ್ತಿದ್ದರು. ಯಾರಾದರೂ ಸತ್ತವರು ಅವರಿಗೆ ದಾಟಿ ಬಂದರೆ ನಾನು ಕುತೂಹಲದಿಂದ "ಯಾರು ಅತ್ತೆ?" ಎಂದು ಕೇಳುತ್ತಿದ್ದೆ. "ಯಾರೋ ದೊಡ್ಡೋರು," ಎನ್ನುತ್ತಿದ್ದರು. ಪ್ರತಿ ಸಲವೂ ಅದೇ ಉತ್ತರ.

ಆ ದಿನ ಮೌಳಿ ಕೈ ಚಾಚಿದಾಗ ನಾನು ಇನ್ನೂ ಅರೆನಿದ್ದೆಯಲ್ಲಿದ್ದೆ. ಮುಖ ನೋಡಲಿಲ್ಲ. ಕೈ ಕೊಟ್ಟೆ. "ಬಾಗಿಲು ಹಾಕ್ಕೋ," ಎಂದ. ಅಂಗಳದಲ್ಲಿ "ಕೈ ಒದ್ದೆ" ಎಂದು ಅತ್ತೆ ಹೇಳಿದ್ದು ಕೇಳಿಸಿತು. ಬೀದಿಯಲ್ಲಿ ಯಾರೂ ಸಿಕ್ಕಿರಲಿಲ್ಲ. ನಜೀರ ಬೀಗದ ಕೈ ಹಿಡಿದು ಬರುವಷ್ಟರಲ್ಲಿ ಮೌಳಿ ಬೇಕರಿಯ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂತಿದ್ದ. ಹೃದಯ ನಿಂತಿತ್ತು. "ಕೈ ಹಿಡ್ಕೊಂಡೆ ಅತ್ತಿಗೆ, ಬಿಗಿಯಾಗಿ ಹಿಡ್ಕೊಂಡೆ," ಎಂದು ನಜೀರ ನನ್ನ ಮುಂದೆ ಕೂತು ಅತ್ತ. "ಏನೂ ಬರ್ಲಿಲ್ಲ. ಆಗ್ಲೇ ನಿಮ್ಮ ಹತ್ರ ಬಿಟ್ಟು ಬಂದಿದ್ದ." ನನ್ನ ಅಂಗೈಯಲ್ಲಿ ಮೌಳಿ ಇದ್ದ. ಅದು ನನಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಹಾಲು ಕಾಯಿಸುತ್ತ ನಿಂತಿದ್ದೆ. ಬಿಟ್ಟು ಹೋದ ಕೈ ಮತ್ತೆ ಬಂದು ಹಿಡಿದುಕೊಂಡಿತು. ಹಾಲು ಉಕ್ಕಿ ಹರಿಯಿತು. ಒಲೆ ಆರಿಸಲು ನಾನು ಎಡಗೈ ಚಾಚಿದೆ.

ಹಾಲುತುಪ್ಪದ ದಿನ ಹೆಂಡತಿ ಆ ಕೈಯನ್ನು ತಾಯಿಗೆ ಕೊಡುವುದು, ತಾಯಿ ಉಳಿದವರಿಗೆ ಕೊಡುವುದು ಇಲ್ಲಿನ ಪದ್ಧತಿ. ಎಲ್ಲರೂ ಸುತ್ತ ನಿಂತಿದ್ದರು. ನಾನು ಕೈ ಮುಗಿದೆ. ಕೈ ಮುಗಿದರೆ ಎರಡು ಕೈಯೂ ನಮ್ಮವೇ ಆಗಿ ಉಳಿಯುತ್ತವೆ. ಅತ್ತೆ, "ಊಟಕ್ಕೆ ಏಳಿ," ಎಂದರು, ಅಷ್ಟೇ. ಊರಿನಲ್ಲಿ ನನ್ನಂಥವರಿಗೆ ಒಂದು ಹೆಸರಿದೆ, ಕೈ ಇಟ್ಟುಕೊಂಡವರು. ಬೈಗುಳವಲ್ಲ. ಅಂಗಡಿಯವರು ಸಾಮಾನನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಡುತ್ತಾರೆ. ಎದುರಾದವರು ತಾವೇ ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ. ಇಡೀ ಊರು ಎಚ್ಚರದಿಂದ ನನ್ನನ್ನು ಬಳಸಿಕೊಂಡು ಹೋಗುತ್ತಿತ್ತು, ರಸ್ತೆಯಲ್ಲಿ ಮಲಗಿದ ಹಸುವನ್ನು ಬಸ್ಸು ಬಳಸಿಕೊಂಡು ಹೋಗುವ ಹಾಗೆ.

ನನಗೆ ಅಳು ಬರಲಿಲ್ಲ. ಕೆಲಸಕ್ಕೆ ಹೋದೆ, ಬಂದೆ. ಅಂಗೈ ಬೆಚ್ಚಗಿತ್ತು, ಉಳಿದ ಮೈಯಲ್ಲಿ ಏನಿತ್ತೋ ಗೊತ್ತಿಲ್ಲ. ದಿನ ಹೋದಂತೆ ಕೈ ಭಾರವಾಯಿತು. ಬೋರ್ಡಿನ ಮೇಲ್ತುದಿಗೆ ಸೀಮೆಸುಣ್ಣ ಎತ್ತಲು ಆಗುತ್ತಿರಲಿಲ್ಲ. ಬರೆದ ಸಾಲು ಇಳಿಜಾರಿನಲ್ಲಿ ಜಾರುತ್ತ ಹೋಗುತ್ತಿತ್ತು. ಹುಡುಗಿಯರು ತಲೆ ಓರೆ ಮಾಡಿಕೊಂಡು ಬರೆದುಕೊಳ್ಳುತ್ತಿದ್ದರು. ನಾನು ಕಡಿಮೆ ಬರೆಯಲು ಕಲಿತೆ. ಎರಡು ಪದ ಸಾಕಾಗುವಲ್ಲಿ ಮೂರನೆಯದನ್ನು ಬಿಟ್ಟೆ. ಆ ಅಭ್ಯಾಸ ಈಗಲೂ ಇದೆ.

ಅತ್ತೆ ಒಂದು ಸಲವೂ ಕೇಳಲಿಲ್ಲ. ನನ್ನ ಕೈಯನ್ನು ನೋಡುತ್ತಿರಲಿಲ್ಲ ಕೂಡ. ಅದನ್ನು ನಾನು ದೊಡ್ಡತನ ಅಂದುಕೊಂಡೆ. ಕೆಲವೊಮ್ಮೆ ಬಿಗುಮಾನ ಅಂದುಕೊಂಡೆ. ಹೆತ್ತವಳಿಗೆ ಸೇರಬೇಕಾದದ್ದನ್ನು ಇಟ್ಟುಕೊಂಡು ಅವಳ ಜೊತೆಯಲ್ಲೇ ಕೂತು ಊಟ ಮಾಡುವುದು ಸುಲಭವಲ್ಲ. ಆದರೂ ಕೊಡಲಾಗಲಿಲ್ಲ. ಕೊಟ್ಟರೆ ನನ್ನಲ್ಲಿ ಉಳಿಯುವುದು ಖಾಲಿ ಅಂಗೈ. ಅದು ಕೈ ಬದಲಿಸುತ್ತ ಎಲ್ಲಿಗೆ ಹೋಗುವುದೋ, ಮತ್ತೆ ಯಾವಾಗ ಬರುವುದೋ. ತೇಯುತ್ತದೆ ಎಂದೂ ಹೇಳುತ್ತಾರೆ. ಬಹಳ ಹಳೆಯ ಕೈಗಳು ಗಾಳಿ ಸವರಿದಷ್ಟು ಮಾತ್ರ ತಿಳಿಯುತ್ತವಂತೆ.

ವರ್ಷ ತುಂಬುತ್ತಿದ್ದಾಗ ಒಂದು ಬೆಳಿಗ್ಗೆ ಅತ್ತೆ ಒಲೆಯ ಮೇಲಿನ ಅನ್ನದ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದರು. ಇಕ್ಕಳ ಪಕ್ಕದಲ್ಲೇ ಇತ್ತು. ಪಾತ್ರೆ ಹಿಡಿದು ನಿಧಾನವಾಗಿ ನಡೆದು ಬಂದು ನನ್ನ ಮುಂದೆ ಇಟ್ಟರು. "ಅತ್ತೇ, ಕೈ!" ಎಂದು ಕೂಗಿದೆ. ಅವರು ಯಾರದೋ ಕೈಯನ್ನು ನೋಡುವ ಹಾಗೆ ತಮ್ಮ ಕೈ ನೋಡಿಕೊಂಡರು. ಬೆರಳುಗಳಲ್ಲಿ ಬೊಬ್ಬೆ ಏಳುತ್ತಿತ್ತು. "ಮರೆತೆ," ಎಂದರು.

ಆಸ್ಪತ್ರೆಯಲ್ಲಿ ಸಿಸ್ಟರ್ ಫಿಲೋಮಿನಾ ಬ್ಯಾಂಡೇಜು ಕಟ್ಟಿದರು. ಊರಿನಲ್ಲಿ ಅವರನ್ನು ತಿಳಿಯದವರಿಲ್ಲ. ಜ್ವರದ ವರ್ಷ ಯಾರೂ ಯಾರನ್ನೂ ಮುಟ್ಟಬಾರದು ಎಂದು ಮೈಕಿನಲ್ಲಿ ಸಾರುತ್ತಿದ್ದಾಗ ಸಾಯುವವರ ಕೈ ಹಿಡಿದವರು ಅವರೊಬ್ಬರೇ. ಕೊನೆಗೆ ಅವರ ಕೈ ಕಲ್ಲಿನಂತಾಗಿ, ಅದನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದರಂತೆ. ಆಸ್ಪತ್ರೆಯ ಗೇಟು ತೆಗೆದ ದಿನ ಊರಿಗೆ ಊರೇ ಸಾಲಾಗಿ ನಿಂತು, ಒಬ್ಬೊಬ್ಬರು ಒಂದೊಂದು ಕೈ ಪಡೆದುಕೊಂಡು ಹೋದರು. ಯಾರ ಕೈ ಯಾವ ಮನೆಯದೆಂದು ಹುಡುಕಿ ತಲುಪಿಸಲು ಮಳೆಗಾಲವೆಲ್ಲ ಹಿಡಿಯಿತು. ಆ ಸಿಸ್ಟರ್ ಈಗ ನನ್ನನ್ನು ಪಕ್ಕಕ್ಕೆ ಕರೆದು, "ಸಕ್ಕರೆ ಕಾಯಿಲೆ ಕಣಮ್ಮ. ಕೈಕಾಲು ಜೋಮು ಹಿಡಿಯುತ್ತೆ, ಬರ್ತಾ ಬರ್ತಾ ಸ್ಪರ್ಶ ಪೂರ್ತಿ ಹೋಗುತ್ತೆ. ಒಲೆ ಹತ್ರ ಬಿಡಬೇಡಿ," ಎಂದರು. ನನ್ನ ಸೆರಗಿನ ಕಡೆ ಒಮ್ಮೆ ನೋಡಿದರು.

ಬರ್ತಾ ಬರ್ತಾ ಎಂದರೆ ಎಷ್ಟು ದಿನ ಎಂದು ನಾನು ಕೇಳಲಿಲ್ಲ. ಸ್ಪರ್ಶ ಹೋದ ಮೇಲೆ ಕೊಟ್ಟು ಪ್ರಯೋಜನವಿಲ್ಲ. ಗಾಯ ಮಾಯುವವರೆಗೆ ಕೊಡುವ ಹಾಗೂ ಇಲ್ಲ. ಆ ನಡುವಿನ ದಿನಗಳಲ್ಲಿ ನಾನು ಮೌಳಿಯ ಕೈಯನ್ನು ಬಾಯಿಪಾಠ ಮಾಡಿದೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಬಸ್ಸಿಗೆ ಕಾಯುವಾಗ, ಅಂಗೈ ಮುಚ್ಚಿಕೊಂಡು ಕೂರುತ್ತಿದ್ದೆ. ಪರೀಕ್ಷೆಗೆ ಓದುವವಳ ಹಾಗೆ.

ಬ್ಯಾಂಡೇಜು ಬಿಚ್ಚಿದ ಮಧ್ಯಾಹ್ನ ಅತ್ತೆ ನಡುಮನೆಯಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದರು. ಹಿತುಕುವಾಗ ಪ್ರತಿ ಕಾಳನ್ನೂ, ಪ್ರತಿ ಬೆರಳನ್ನೂ ಕಣ್ಣಿಟ್ಟು ನೋಡುತ್ತಿದ್ದರು. ಊರಿನ ಉಳಿದ ಹೆಂಗಸರು ಬೀದಿ ನೋಡುತ್ತ, ಹರಟೆ ಹೊಡೆಯುತ್ತ ಹಿತುಕುತ್ತಾರೆ. ನಾನು ಅವರ ಮುಂದೆ ಕೂತೆ.

"ಅತ್ತೆ, ಕೈ ಕೊಡಿ."

"ಕೈ ಒದ್ದೆ."

"ಒದ್ದೆ ಇರ್ಲಿ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು, ಬಹಳ ಹೊತ್ತು ಒರೆಸಿಕೊಂಡು, ಮುಂದೆ ಚಾಚಿದರು. ನಾನು ಹಿಡಿದೆ. ಅಂಗೈಗೆ ಅಂಗೈ ಕೂಡಿತು. ಅದು ಹೋಯಿತು. ಸೊಂಟದ ಮೇಲಿನ ಕೊಡವನ್ನು ಇಳಿಸಿದಾಗ ಮೈ ಇನ್ನೊಂದು ಕಡೆಗೆ ವಾಲುತ್ತದಲ್ಲ, ಹಾಗೆ ವಾಲಿದೆ. ಅತ್ತೆ ತಮ್ಮ ಅಂಗೈಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಬಂದ್ನಾ?" ಎಂದು ಕೇಳಿದರು.

ನನಗೆ ಅರ್ಥವಾಗಲಿಲ್ಲ. "ಬಂದ್ರು, ಅತ್ತೆ," ಎಂದೆ.

"ನಂಗೆ ಗೊತ್ತಾಗಲ್ಲ ಕಣೇ ಕುಮುದಾ." ಅವರ ದನಿಯಲ್ಲಿ ದುಃಖಕ್ಕಿಂತ ನಾಚಿಕೆ ಇತ್ತು. "ಈ ಕೈ ಸತ್ತು ಎಷ್ಟೋ ಕಾಲ ಆಯ್ತು. ನೀನು ಈ ಮನೆಗೆ ಬರೋಕೆ ಮುಂಚೇನೇ. ಅವನು ಕೈ ಹಿಡಿದ್ರೂ ಗೊತ್ತಾಗ್ತಿರ್ಲಿಲ್ಲ. ಹಿಡಿತ ಸಡಿಲ ಆಗಿದ್ದು ಅವನಿಗೆ ತಿಳೀಬಾರ್ದು ಅಂತ ದಿನಾ ಒದ್ದೆ ಅಂತಿದ್ದೆ."

"ನಂಗಾದ್ರೂ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ಕನಿಕರ ಪಟ್ಟು ಕೊಟ್ಟುಬಿಡ್ತಿದ್ದೆ. ನಂಗೆ ದಕ್ಕದೇ ಇರೋದನ್ನ ನಿನ್ನಿಂದ ಯಾಕೆ ಕಿತ್ಕೊಳ್ಲಿ?"

ನಾನು ಬುಟ್ಟಿಯಿಂದ ಒಂದು ಕಾಳು ತೆಗೆದು ಹಿತುಕಿದೆ. ಆಮೇಲೆ ಒಂದು ನೆನಪಾಯಿತು. "ಮತ್ತೆ ಪೇಟೇಲಿ ಯಾರಾದ್ರೂ ನಿಮ್ಮ ಕೈಗೆ ಬಂದಾಗ, ಯಾರೋ ದೊಡ್ಡೋರು ಅಂತಿದ್ರಿ?"

"ಸತ್ತ ಮೇಲೆ ಯಾರೇ ಚಿಕ್ಕೋರು?" ಎಂದರು ಅತ್ತೆ. ಅವರ ತುಟಿ ಅದುರಿತು. ಅಳುತ್ತಾರೆ ಅಂದುಕೊಂಡೆ. ನಕ್ಕರು. ನನಗೂ ನಗು ಬಂತು. ಮೌಳಿ ಹೋದ ದಿನ ಬಾರದ ಅಳುವೂ ಅದರ ಜೊತೆಗೇ ಬಂತು. ಇಬ್ಬರೂ ಅವರೆಕಾಳಿನ ಬುಟ್ಟಿಯ ಎರಡು ಪಕ್ಕ ಕೂತು ಕಣ್ಣು ಮೂಗು ಒರೆಸಿಕೊಂಡೆವು. ಆಗಲೇ ನಾನು, ನಮ್ಮೂರಲ್ಲಿ ಕೈ ಕೊಟ್ಟ ಅಂದರೆ ಏನರ್ಥ ಎನ್ನುವುದನ್ನು ಅವರಿಗೆ ಹೇಳಿದ್ದು. ಅವರು ಸ್ವಲ್ಪ ಯೋಚಿಸಿ, "ಅದೂ ಸರಿಯಾಗೇ ಇದೆ ಬಿಡು. ನಮ್ಮಿಬ್ರಿಗೂ ಎರಡೂ ಥರ ಕೈ ಕೊಟ್ಟ," ಎಂದರು.

ಆಮೇಲೆ ಕೈ ಚಾಚಿದರು. "ತಗೋ, ವಾಪಸ್ ತಗೋ. ನನ್ನ ಹತ್ರ ಇದ್ರೆ ಮರದ ಮೇಲಿಟ್ಟ ಹಾಗೆ."

ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಅವರ ಬೆರಳ ಹತ್ತಿರ ನಿಂತಿತು.

"ತಗೊಳ್ಳಲ್ವಾ?" ಎಂದರು. "ಹಾಗಾದ್ರೆ ನೀನೇ ಹೇಳು. ಹೇಗಿದ್ದಾನೆ?"

ಹೇಳಿದೆ. ಅಂಗೈ ಒಣಗಿದೆ, ಬೆಚ್ಚಗಿದೆ. ತೋರುಬೆರಳಿನ ಬುಡದಿಂದ ಅಡ್ಡಲಾಗಿ ಟ್ರೇ ಸುಟ್ಟ ಗೆರೆ ಇದೆ. ಮೊದಲು ಸಡಿಲ ಹಿಡಿತ, ಬಿಡುವ ಮುಂಚೆ ಒಮ್ಮೆ ಬಿಗಿ. ಹೆಬ್ಬೆರಳು ಒಂದು ಸಲ ತಟ್ಟುತ್ತದೆ. ಅಷ್ಟರಲ್ಲಿ ನನ್ನ ಮಾತು ಮುಗಿಯಿತು. ಅತ್ತೆ ಕಾದರು.

"ಅಷ್ಟೇನಾ?"

"ಅಷ್ಟೇ, ಅತ್ತೆ."

"ಒಂದು ವರ್ಷ ಇಟ್ಕೊಂಡು ನೋಡಿದ್ದು ಇಷ್ಟೇನಾ? ಎಂ.ಎ. ಬೇರೆ ಓದಿದ್ದೀಯ." ಎದ್ದು ನಿಂತರು. "ನಡಿ. ಗೊತ್ತಿರೋರನ್ನ ಕೇಳೋಣ."

ಅವರೆಕಾಳನ್ನು ಹಾಗೇ ಬಿಟ್ಟು ಬೇಕರಿಗೆ ಹೋದೆವು. ಅತ್ತೆ ದಾರಿಯುದ್ದಕ್ಕೂ ಕೈಯನ್ನು ಎದೆಗೆ ಒತ್ತಿ ಹಿಡಿದಿದ್ದರು, ತುಂಬಿದ ಲೋಟ ಚೆಲ್ಲದ ಹಾಗೆ. ಎದುರು ಬಂದವರು ನನ್ನ ಸೆರಗಿನ ಹೊರಗಿದ್ದ ಬಲಗೈ ಕಂಡು, ಅತ್ತೆಯ ಕೈ ಕಂಡು, ಮಾತಾಡಿಸದೆ ದಾರಿ ಬಿಟ್ಟರು. ನಜೀರ ಬನ್ನಿನ ಟ್ರೇ ಹೊರಗೆಳೆಯುತ್ತಿದ್ದ.

"ನಜೀರಾ, ಕೈ ತಾ. ನಿನ್ನ ಪಾಲುದಾರ ಬಂದಿದ್ದಾನೆ."

ನಜೀರ ಟ್ರೇಯನ್ನು ಕೆಳಗಿಟ್ಟ. ಏಪ್ರನ್ನಿಗೆ ಕೈ ಒರೆಸಿಕೊಂಡು ಅತ್ತೆಯ ಕೈ ಹಿಡಿದ. ಹಿಡಿದವನು ಕಣ್ಣು ಮುಚ್ಚಿದ. ಅತ್ತೆ ಅವನ ಮುಖವನ್ನೇ ನೋಡುತ್ತಿದ್ದರು.

"ಹೇಗಿದ್ದಾನೆ? ಹೇಳೋ, ಬಾಯಿ ಬಿಡೋ."

"ಇವನ ಮನೆ ಹಾಳಾಗ!" ಎಂದ ನಜೀರ, ಕಣ್ಣು ತೆರೆಯದೆ. "ಸಿಟ್ಟಲ್ಲಿದ್ದಾನಮ್ಮ. ನನ್ನ ಮೇಲೆ ಸಿಟ್ಟು. ಹಿಂದಿನ ದಿನ ನಾನು ಮೈದಾ ತರಿಸಿರ್ಲಿಲ್ಲ. ಬೆಳಿಗ್ಗೆ ಬಂದು ನನ್ನ ಗ್ರಹಚಾರ ಬಿಡಿಸೋಣ ಅಂತಿದ್ದ, ಹಿಡಿತದಲ್ಲೇ ಗೊತ್ತಾಗುತ್ತೆ. ನೋಡಿ, ಹೆಬ್ಬೆರಳು ಹೀಗೆ ಒತ್ತುತ್ತಿದ್ದಾನೆ. ಬೈಯೋಕೆ ಮುಂಚೆ ಯಾವಾಗ್ಲೂ ಹೀಗೇ."

ಅತ್ತೆ ಕೆಮ್ಮು ಬರುವಷ್ಟು ನಕ್ಕರು. "ಹಾಗೇ ಹಾಗೇ, ಅವರಪ್ಪನೂ ಹಾಗೇ. ಇನ್ನೇನು?" ಎಂದು ಅಲ್ಲೇ ಬೆಂಚಿನ ಮೇಲೆ ಕೂತರು. ನಾನು ಬಾಗಿಲಲ್ಲಿ ನಿಂತಿದ್ದೆ. ಒಂದು ವರ್ಷದ ಕಾಲ ನಾನು ಪ್ರೀತಿ ಅಂದುಕೊಂಡಿದ್ದ ಹೆಬ್ಬೆರಳಿನಲ್ಲಿ ಮೈದಾ ಹಿಟ್ಟಿನ ಸಿಟ್ಟೂ ಇತ್ತು. ನನಗೆ ಬೇಜಾರಾಗಬೇಕಿತ್ತು. ಆಗಲಿಲ್ಲ. ಆ ಬೆಳಿಗ್ಗೆ ನಾನು ನೋಡದೆ ಬಿಟ್ಟ ಮುಖ ಕಂಡ ಹಾಗಾಯಿತು. ಹುಬ್ಬು ಗಂಟಿಕ್ಕಿತ್ತು.

ಮಾರನೆಯ ದಿನ ತರಗತಿಯಲ್ಲಿ ಬೋರ್ಡಿನ ಮೇಲ್ತುದಿಯಲ್ಲಿ ಒಂದು ಸಾಲು ಬರೆದೆ. ಹಿಂದಿನ ಬೆಂಚಿನಿಂದ ಯಾರೋ, "ಮೇಡಂ, ನೇರ ಇದೆ!" ಎಂದು ಕೂಗಿದಳು. ಗಂಟೆ ಹೊಡೆದ ಮೇಲೆ ಹುಡುಗಿಯರೆಲ್ಲ ಬಾಗಿಲ ಹತ್ತಿರ ಸಾಲಾಗಿ ನಿಂತು ನನ್ನ ಕೈ ಕುಲುಕಿದರು. ಬರೀ ಬದುಕಿದವರ ಕೈಗಳು. ಇಂಕು, ಬೆವರು, ಮೆಹೆಂದಿ, ಗಡಿಬಿಡಿ.

ಮೌಳಿ ಊರು ತಿರುಗತೊಡಗಿದ. ಯಾರ ಕೈಗೆ ಬಂದರೂ ಅವರು ನಮ್ಮ ಅಂಗಳಕ್ಕೆ ಬಂದು ಅತ್ತೆಗೆ ವರದಿ ಒಪ್ಪಿಸುವುದು ರೂಢಿಯಾಯಿತು. ಅತ್ತೆ ಅವರನ್ನು ಕೂರಿಸಿ, ಕಾಫಿ ಕೊಟ್ಟು, ವಕೀಲರ ಹಾಗೆ ಪ್ರಶ್ನೆ ಕೇಳುತ್ತಿದ್ದರು. ಕಟಿಂಗ್ ಶಾಪಿನವನು, ಉಗುರು ಬೆಳೆದಿದೆ ಎಂದ. ಎದುರುಮನೆಯ ಅಜ್ಜಿ, ಬೆಣ್ಣೆಯ ವಾಸನೆ ಬಂತೆಂದಳು. "ವಾಸನೆ ಎಲ್ಲಿ ಬರುತ್ತಜ್ಜಿ ಕೈಯಲ್ಲಿ?" ಎಂದು ನಾನು ಕೇಳಿದರೆ, "ನಂಗೆ ಬಂತಪ್ಪ, ನಿಂಗೆ ಬರದಿದ್ರೆ ನಾನೇನು ಮಾಡ್ಲಿ?" ಎಂದು ಎದ್ದು ಹೋದಳು. ಸಿಸ್ಟರ್ ಫಿಲೋಮಿನಾ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದರು. ಕೂತು, ಕಾಫಿ ಮುಗಿಸಿ, ಆಮೇಲೆ ಹೇಳಿದರು: "ಗಿರಿಜಮ್ಮ, ಸಾಯೋರ ಕೈ ನಾನು ಬೇಕಾದಷ್ಟು ಹಿಡಿದಿದ್ದೀನಿ. ಅವರಿಗೆ ಗೊತ್ತಿರುತ್ತೆ. ಬಿಡೋಕೆ ಮನಸ್ಸಿರಲ್ಲ. ಇದು ಅಂಥ ಕೈ ಅಲ್ಲ. ಸಂಜೆ ಬರ್ತೀನಿ ಅಂದುಕೊಂಡು ಬಿಟ್ಟ ಕೈ. ಅವನಿಗೆ ಭಯ ಇರ್ಲಿಲ್ಲ." ಅತ್ತೆ ಎದ್ದು ಒಳಗೆ ಹೋದರು. ಪಾತ್ರೆ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಲೋಟ ಕಾಫಿ ತಂದು, ಯಾರಿಗೂ ಬೇಡವಾಗಿದ್ದರೂ, ಸಿಸ್ಟರ್ ಮುಂದೆ ಇಟ್ಟರು.

ಹೀಗೆ ಅತ್ತೆಯ ಹತ್ತಿರ ಊರಿನಲ್ಲಿ ಬೇರೆ ಯಾರಲ್ಲೂ ಇಲ್ಲದಷ್ಟು ಮೌಳಿ ಸೇರಿದ. ಸಂಜೆ ಊಟಕ್ಕೆ ಕೂತಾಗ, "ನೀನು ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ತಾಳೆ ಆಗಲ್ಲ ನೋಡು," ಎಂದು ನನ್ನನ್ನು ಕೆಣಕುತ್ತಿದ್ದರು. ಕೆಲವು ದಿನ ಯಾರೂ ಬರುತ್ತಿರಲಿಲ್ಲ. "ಎಲ್ಲೋ ಅಲೀತಿದ್ದಾನೆ. ಹಸಿವಾದ್ರೆ ಬರ್ತಾನೆ," ಎನ್ನುತ್ತಿದ್ದರು. ಮಗ ಬದುಕಿದ್ದಾಗಲೂ ಅದನ್ನೇ ಹೇಳುತ್ತಿದ್ದರು.

ನನ್ನ ಕೈಗೆ ಮಾತ್ರ ಬಹಳ ದಿನ ಬರಲಿಲ್ಲ. ನಾನು ಹುಡುಕಿಕೊಂಡು ಹೋಗಲಿಲ್ಲ. ಎಲ್ಲರಿಗೂ ಕೈ ಕೊಡುತ್ತಿದ್ದೆ. ಯಾರ್ಯಾರೋ ಬರುತ್ತಿದ್ದರು, ಹೋಗುತ್ತಿದ್ದರು. ಒಂದು ಸಲ ಅಪ್ಪನ ಜೊತೆ ತವರಿಗೆ ಹೋಗಿದ್ದ ಆ ಗರಡಿ ತಾತ ಬಂದ. ಮನುಷ್ಯ ಈಗಲೂ ಗಟ್ಟಿ.

ಮೊನ್ನೆ ಸಂತೆಗೆ ಹೋಗಿದ್ದೆ. ಈರುಳ್ಳಿ ಮಾರುವ ಹೆಂಗಸು ಹೊಸಬಳು, ಹೊಳೆಯಾಚೆಯವಳು. ಗೋಣಿಯ ಹಿಂದಿನಿಂದ ಬಗ್ಗಿ ಕೈ ಚಾಚಿದಳು. ಹಿಡಿದೆ. ಅಂಗೈಯಲ್ಲಿ ಬೆಚ್ಚಗಾಯಿತು. ಅಡ್ಡಲಾಗಿ ಗೆರೆ ಬಂತು. ಸಡಿಲ, ಆಮೇಲೆ ಬಿಗಿ, ಆಮೇಲೆ ಹೆಬ್ಬೆರಳು.

"ಬೆಳಿಗ್ಗೆಯಿಂದ ನನ್ನ ಹತ್ರ ಅವ್ರೆ, ಯಾರು ಅಂತ ಗೊತ್ತಾಗಿಲ್ಲ," ಎಂದಳು ಅವಳು. "ಒಲೆ ಮುಂದೆ ಕೆಲ್ಸ ಮಾಡೋರು ಅನ್ಸುತ್ತೆ. ನಿಮ್ಮೋರಾ ಅಕ್ಕ?"

"ನಮ್ಮೋರು," ಎಂದೆ.

"ಒಳ್ಳೆ ಕೈ. ಬೆಳಿಗ್ಗೆಯಿಂದ ವ್ಯಾಪಾರ ಚೆನ್ನಾಗಾಯ್ತು."

ಮನೆಯ ದಾರಿ ಹಿಡಿದೆ. ಬಿಸಿಲು ಹಿತವಾಗಿತ್ತು. ಹೆಬ್ಬೆರಳಿನಲ್ಲಿ ಮೈದಾ ಸಿಟ್ಟು ಇತ್ತು, ಸಿಸ್ಟರ್ ಹೇಳಿದ ಸಂಜೆಯೂ ಇತ್ತು. ಅಜ್ಜಿ ಹೇಳಿದ ಬೆಣ್ಣೆ ಇದೆಯೇ ಎಂದು ಅಂಗೈ ಮೂಸಿಯೂ ನೋಡಿದೆ. ನಾನು ಒಬ್ಬಳೇ ಇಟ್ಟುಕೊಂಡಿದ್ದಾಗ ಇವೆಲ್ಲ ಇರಲಿಲ್ಲ. ನಮ್ಮ ಬೀದಿಯ ತಿರುವಿನಲ್ಲಿ ಪೋಸ್ಟ್‌ಮನ್ ಸೈಕಲ್ಲಿನಿಂದ ಇಳಿದು ಕೈ ಚಾಚಿದ. ಒಂದು ಕ್ಷಣ ನನ್ನ ಕೈ ಸೆರಗಿನ ಕಡೆ ಹೊರಟಿತು. ಆಮೇಲೆ ತಿರುಗಿ ಅವನ ಕಡೆ ಹೋಯಿತು. "ಓಹೋ, ಬೇಕರಿ ಸಾವ್ಕಾರ್ರು!" ಎಂದ ಅವನು. "ಬನ್ನಿ ಬನ್ನಿ, ರೈಲ್ವೆ ಗೇಟ್ ಕಡೆ ಹೋಗಿ ಬರೋಣ." ಸೈಕಲ್ಲು ಹತ್ತಿ, ಬೆಲ್ಲು ಹೊಡೆದು ಹೊರಟುಹೋದ.

ಅತ್ತೆ ಅಂಗಳದಲ್ಲಿ ಕೂತಿದ್ದರು. "ಯಾಕೆ ಇಷ್ಟೊತ್ತು?"

"ಸಂತೇಲಿ ನಿಮ್ಮ ಮಗ ಸಿಕ್ಕಿದ್ರು, ಅತ್ತೆ. ಕೈ ಕೊಟ್ಟು ಹೋದ್ರು."

ಅವರು ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಹೇಗಿದ್ದ?"

ನಾನು ಕೂತು ಹೇಳಿದೆ. ಈ ಸಲ ಬಹಳ ಹೊತ್ತು ಹೇಳಿದೆ. ಸುಟ್ಟ ಗೆರೆ ಸ್ವಲ್ಪ ನುಣುಪಾಗಿದೆ ಎನ್ನುವುದನ್ನೂ ಬಿಡಲಿಲ್ಲ. "ಅಷ್ಟು ಜನರ ಕೈಲಿ ಓಡಾಡಿದ್ರೆ ಸವೆಯಲ್ವಾ? ಸವೀಲಿ ಬಿಡು," ಎಂದರು. ಎಲ್ಲ ಕೇಳಿ ಮುಗಿದ ಮೇಲೆ ನನ್ನ ಪಕ್ಕದಲ್ಲಿದ್ದ ಚೀಲವನ್ನು ಎತ್ತಿ ನೋಡಿದರು. ಅದು ಖಾಲಿ ಇತ್ತು.

"ಈರುಳ್ಳಿ ಎಲ್ಲೇ?"

ಆ ಕೈಯ ಗುಂಗಿನಲ್ಲಿ ಈರುಳ್ಳಿ ಕೊಳ್ಳುವುದನ್ನೇ ಮರೆತು ಬಂದಿದ್ದೆ.

"ನೋಡ್ದಾ," ಎಂದರು ಅತ್ತೆ, ಚೀಲ ಕೊಡವುತ್ತ. "ನಿಮ್ಮೂರಿನ ಥರಾನೂ ಕೈ ಕೊಟ್ಟ."